ತಿರುವಿನಲ್ಲಿ ಸಮತೋಲ: ಸಸ್ಪೆನ್ಷನ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಯಾವ ಸ್ಪ್ರಿಂಗ್, ಯಾವ ಡ್ಯಾಂಪರ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್), ಯಾವ ಆಂಟಿರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಗ್ಗಿಸುವ ಸರಳು) ಹಾಕಿಸಿದರೆ ಕಾರು ತಿರುವಿನಲ್ಲಿ ಮೂತಿ ಹೊರಗೆ ಎಳೆಯದೆ, ಹಿಂಭಾಗ ಕಿತ್ತುಕೊಂಡು ಹೋಗದೆ ಸಮವಾಗಿ ಓಡುತ್ತದೆ ಎಂಬ ಪ್ರಶ್ನೆ ಅದು. ಬಿಡಿಭಾಗ ಆರಿಸುವ ಮೊದಲು ತಿಳಿದಿರಬೇಕಾದ ಸಂಗತಿ ಹಲವು ಪತ್ರಗಳಲ್ಲಿ ಕಾಣಲಿಲ್ಲ. ಹಾಗಾಗಿ ಮೊದಲು ಹುಬ್ಬಳ್ಳಿಯ ಪತ್ರವನ್ನು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜಿನ ತಂಡ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟುತ್ತಿದೆ. ನ್ಯೂಟ್ರಲ್ ಹ್ಯಾಂಡ್ಲಿಂಗ್ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಚಾಲಕನ ಅನಿಸಿಕೆ ಬಿಟ್ಟು ಅದನ್ನು ಅಳೆಯುವ ದಾರಿ ಇದೆಯೇ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಇದೆ, ಖರ್ಚೂ ಇಲ್ಲ. ಬೇರೆ ವಾಹನ ಬರದ, ಅನುಮತಿ ಪಡೆದ ಖಾಲಿ ಮೈದಾನದಲ್ಲಿ 30 ಮೀಟರ್ ತ್ರಿಜ್ಯದ ವೃತ್ತ ಬರೆಯಿರಿ. ಸ್ಟಿಯರಿಂಗಿನ ನೆತ್ತಿಗೆ ಒಂದು ಟೇಪಿನ ಗುರುತು ಹಚ್ಚಿ. ಗಂಟೆಗೆ 15 ಕಿಮೀ ವೇಗದಲ್ಲಿ ಗೆರೆಯ ಮೇಲೆ ಸುತ್ತುವಾಗ ಸ್ಟಿಯರಿಂಗ್ ಎಷ್ಟು ಡಿಗ್ರಿ ತಿರುಗಿದೆ ಎಂದು ಬರೆದುಕೊಳ್ಳಿ. ಆಮೇಲೆ ನಿಧಾನವಾಗಿ ವೇಗ ಏರಿಸಿ. ಅದೇ ಗೆರೆಯ ಮೇಲೆ ಉಳಿಯಲು ಸ್ಟಿಯರಿಂಗನ್ನು ಹೆಚ್ಚು ತಿರುಗಿಸಬೇಕಾಗಿ ಬಂದರೆ ಅದು ಅಂಡರ್‌ಸ್ಟಿಯರ್. ಬಿಡಿಸಿಕೊಳ್ಳುತ್ತಾ ಬರಬೇಕಾದರೆ ಓವರ್‌ಸ್ಟಿಯರ್. ಮೊದಲಿನ ಕೋನದಲ್ಲೇ ನಿಂತರೆ ಕಾರು ನ್ಯೂಟ್ರಲ್.

ಉದಾಹರಣೆಗೆ ಮೊದಲೆರಡು ತಲೆಮಾರಿನ ಮಾಜ್ದಾ ಎಂಎಕ್ಸ್-5ರ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 2,265 ಮಿಮೀ. 30 ಮೀಟರ್ ವೃತ್ತಕ್ಕೆ ಅದರ ಮುಂಚಕ್ರ ತಿರುಗಬೇಕಾದದ್ದು ಸುಮಾರು 4.3 ಡಿಗ್ರಿ ಮಾತ್ರ. ಒಳ್ಳೆಯ ರಸ್ತೆ ಟೈರಿನಲ್ಲಿ ಗಂಟೆಗೆ 55ರಿಂದ 58 ಕಿಮೀ ಹೊತ್ತಿಗೆ ಹಿಡಿತ ಮುಗಿಯುತ್ತಾ ಬರುತ್ತದೆ. ಆ ಹಂತದಲ್ಲಿ ಸ್ಟಿಯರಿಂಗ್ ಎತ್ತ ಹೋಗುತ್ತಿದೆ ಎಂಬುದೇ ನಿಮ್ಮ ಉತ್ತರ. ನಿಮ್ಮ ಸ್ಪರ್ಧೆಯಲ್ಲಿ ವೃತ್ತದ ಸುತ್ತ ಓಡಿಸುವ ಜಾಗವಾದ ಸ್ಕಿಡ್‌ಪ್ಯಾಡ್‌ನ ಒಳವೃತ್ತದ ವ್ಯಾಸ 15.25 ಮೀಟರ್. ಆದ್ದರಿಂದ ಅದೇ ಅಳತೆಯ ವೃತ್ತದಲ್ಲೂ ಪರೀಕ್ಷೆ ಮಾಡಿ. ತೀರ ಸಣ್ಣ ವೃತ್ತದಲ್ಲಿ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆ) ಬಿಗಿ ಇದ್ದರೆ ಕಾರು ಮೂತಿ ತಳ್ಳುತ್ತದೆ, ಅದನ್ನು ಸಸ್ಪೆನ್ಷನ್ನಿನ ತಪ್ಪು ಎಂದು ಓದಬೇಡಿ.

ಇದರ ಹಿಂದಿನ ಲೆಕ್ಕವನ್ನೂ ಮಾಡಿ ನೋಡಿ. 1,050 ಕೆಜಿಯ ಕಾರು, ಗುರುತ್ವಕೇಂದ್ರ ನೆಲದಿಂದ 46 ಸೆಂಮೀ ಎತ್ತರ, ಎಡ ಬಲ ಚಕ್ರಗಳ ನಡುವೆ 142 ಸೆಂಮೀ ಎಂದಿಟ್ಟುಕೊಳ್ಳಿ. 1 ಜಿ ತಿರುವಿನಲ್ಲಿ, ಅಂದರೆ ಹೊರಕ್ಕೆ ಎಳೆಯುವ ಬಲ ಕಾರಿನ ತೂಕದಷ್ಟೇ ಇರುವಾಗ, ಒಳಚಕ್ರಗಳಿಂದ ಹೊರಚಕ್ರಗಳಿಗೆ ಸರಿಯುವ ಭಾರ 1,050 × 46 ÷ 142, ಅಂದರೆ ಸುಮಾರು 340 ಕೆಜಿ. ಎಷ್ಟೇ ಬಿಗಿ ಸ್ಪ್ರಿಂಗ್ ಹಾಕಿದರೂ ಈ 340 ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬದಲಾಗುವುದು ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದು ಮಾತ್ರ. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಹಾಗಾಗಿ ಯಾವ ಜೋಡಿಯಲ್ಲಿ ಹೆಚ್ಚು ಭಾರ ಅಡ್ಡ ಸರಿಯುತ್ತದೋ ಆ ಜೋಡಿ ಮೊದಲು ಜಾರುತ್ತದೆ. ಸಮತೋಲ ಅನ್ನುವುದು ಮುಂದಿನ ಮತ್ತು ಹಿಂದಿನ ಜೋಡಿಯ ನಡುವಿನ ವ್ಯತ್ಯಾಸದಲ್ಲಿ ಇರುತ್ತದೆ. ಒಂದು ಬಿಡಿಭಾಗದ ಪೆಟ್ಟಿಗೆಯೊಳಗೆ ಅದು ಸಿಗುವುದಿಲ್ಲ.

ವೃತ್ತದ ಪರೀಕ್ಷೆ ತಿರುವಿನ ನಡುಭಾಗವನ್ನಷ್ಟೇ ತೋರಿಸುತ್ತದೆ ಎಂಬುದು ನೆನಪಿರಲಿ. ಬ್ರೇಕ್ ಬಿಡುತ್ತಾ ಒಳಹೋಗುವಾಗ ಮತ್ತು ಆಕ್ಸಿಲರೇಟರ್ ಒತ್ತಿ ಹೊರಬರುವಾಗ ಕಾರು ಬೇರೆ ಥರ ವರ್ತಿಸಬಹುದು. ಈ ಮೂರನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳದೆ ಸ್ಪ್ಯಾನರ್ ಹಿಡಿಯಬೇಡಿ.

ಪ್ರಶ್ನೆ: ನನ್ನದು 1999ರ ಎಂಎಕ್ಸ್-5, 1.8 ಎಂಜಿನ್. 35 ಮಿಮೀ ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ, ಡ್ಯಾಂಪರ್ ಹಳೆಯವೇ. ಈಗ ವೇಗದ ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೂ ಹಿಂಭಾಗ ಇದ್ದಕ್ಕಿದ್ದಂತೆ ಜಾರುತ್ತದೆ. ಹಿಂದೆ ದಪ್ಪ ಆಂಟಿರೋಲ್ ಬಾರ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಲೇ?
(ಓದುಗರು, ರೆಡಿಂಗ್, ಇಂಗ್ಲೆಂಡ್)

ಉತ್ತರ: ದಯವಿಟ್ಟು ಹಾಕಿಸಬೇಡಿ. ಈಗ ಇರುವ ತೊಂದರೆಯನ್ನೇ ಅದು ಹೆಚ್ಚಿಸುತ್ತದೆ.

ನಿಮ್ಮ ಕಾರು ಬಂಪ್ ಸ್ಟಾಪ್ ಮೇಲೆ ಕೂರುತ್ತಿದೆ. ಡ್ಯಾಂಪರಿನ ದಂಡದ ಮೇಲಿರುವ ಮೆತ್ತನೆಯ ತುಂಡು ಅದು. ಚಕ್ರ ಪೂರ್ತಿ ಮೇಲೆ ಬಂದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವುದು ಅದರ ಕೆಲಸ. ಮೊದಲೆರಡು ತಲೆಮಾರಿನ ಎಂಎಕ್ಸ್-5ಗಳಲ್ಲಿ ಚಕ್ರ ಮೇಲೇರಲು ಇರುವ ಜಾಗವೇ ಕಡಿಮೆ, ಹಿಂದೆ ಇನ್ನೂ ಕಡಿಮೆ. ಅದರಲ್ಲಿ 35 ಮಿಮೀ ಕಿತ್ತುಕೊಂಡರೆ ಕಾರು ಸ್ವಲ್ಪ ವಾಲಿದ ಕೂಡಲೇ ಹೊರಚಕ್ರದ ಸ್ಟಾಪ್ ತಾಗುತ್ತದೆ. ತಾಗಿದ ಕ್ಷಣ ಆ ಮೂಲೆಯ ಬಿಗಿತ ಹಲವು ಪಟ್ಟು ಏರುತ್ತದೆ, ಅಡ್ಡ ಸರಿಯುವ ಭಾರದಲ್ಲಿ ದೊಡ್ಡ ಪಾಲು ಹಿಂದಿನ ಜೋಡಿಗೆ ಹೋಗುತ್ತದೆ, ಹಿಂಭಾಗ ಮುನ್ಸೂಚನೆ ಇಲ್ಲದೆ ಬಿಟ್ಟುಕೊಡುತ್ತದೆ. ನೀವು ಬರೆದಿರುವ ಉಬ್ಬಿನ ಮೇಲೆ ನಡೆಯುತ್ತಿರುವುದು ಇದೇ. ದಪ್ಪ ಬಾರ್ ಹಾಕಿದರೆ ಹಿಂದಿನ ಪಾಲು ಇನ್ನೂ ಏರುತ್ತದೆ. ಬಾರಿನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದಂತೆ ಬೆಳೆಯುತ್ತದೆ. 12 ಮಿಮೀ ತೆಗೆದು 14 ಮಿಮೀ ಹಾಕಿದರೆ ಕಣ್ಣಿಗೆ ಎರಡೇ ಮಿಮೀ, ಬಿಗಿತ ಮಾತ್ರ 1.85 ಪಟ್ಟು.

ಖಾತ್ರಿ ಮಾಡಿಕೊಳ್ಳುವುದು ಸುಲಭ. ನಾಲ್ಕೂ ಡ್ಯಾಂಪರಿನ ದಂಡಕ್ಕೆ ತೆಳುವಾದ ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ, ಕೆಳಗೆ ಡ್ಯಾಂಪರಿನ ಮೈಗೆ ತಾಗಿಸಿ ಇಡಿ. ನೀವು ಸಾಮಾನ್ಯವಾಗಿ ಹೋಗುವ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಚಕ್ರ ಎಷ್ಟು ಮೇಲೇರಿತೋ ಅಲ್ಲಿಗೆ ಟೈ ಸರಿದಿರುತ್ತದೆ. ಸ್ಟಾಪ್‌ಗೆ ಹತ್ತಿ ನಿಂತಿದ್ದರೆ ರೋಗ ಅದೇ.

ಈಗ ಪರಿಹಾರಕ್ಕೆ ಬರೋಣ. ಎತ್ತರ ಮೊದಲು. ಚಕ್ರದ ನಡುಮಧ್ಯದಿಂದ ಫೆಂಡರಿನ ಅಂಚಿಗೆ ಅಳೆಯಿರಿ. ಬೀದಿ ಮತ್ತು ಆಗಾಗ ಟ್ರ್ಯಾಕ್ ಎರಡಕ್ಕೂ ಮುಂದೆ 320ರಿಂದ 330 ಮಿಮೀ, ಹಿಂದೆ ಅದಕ್ಕಿಂತ 5ರಿಂದ 10 ಮಿಮೀ ಹೆಚ್ಚು ಇಟ್ಟುಕೊಳ್ಳಿ. 305ಕ್ಕಿಂತ ಕೆಳಗೆ ಹೋದರೆ ಈ ಕಾರಿನ ಸಸ್ಪೆನ್ಷನ್ ಜ್ಯಾಮಿತಿ ಕೆಡುತ್ತದೆ. ಯಾವ ಬಿಂದುವಿನ ಸುತ್ತ ಕಾರು ವಾಲುತ್ತದೋ ಆ ರೋಲ್ ಸೆಂಟರ್ ಕಾರಿಗಿಂತ ವೇಗವಾಗಿ ಕೆಳಗಿಳಿಯುವುದರಿಂದ ತಗ್ಗಿಸಿದರೂ ವಾಲುವಿಕೆ ನಿರೀಕ್ಷಿಸಿದಷ್ಟು ಕಡಿಮೆಯಾಗುವುದಿಲ್ಲ, ಉಬ್ಬಿನ ಮೇಲೆ ಚಕ್ರ ತಾನಾಗಿ ತಿರುಗುವುದೂ ಶುರುವಾಗುತ್ತದೆ.

ಆಮೇಲೆ ಸ್ಪ್ರಿಂಗ್ ಮತ್ತು ಡ್ಯಾಂಪರನ್ನು ಒಟ್ಟಿಗೆ ಬದಲಿಸಿ. ಬೀದಿಗೆ ಮುಂದೆ ಪ್ರತಿ ಮಿಮೀಗೆ 6 ಕೆಜಿ, ಹಿಂದೆ 4 ಕೆಜಿ ಒಳ್ಳೆಯ ಆರಂಭ. ಕಾರಿನ ಭಾರ ಮುಂದೆ ಹಿಂದೆ ಸರಿಸಮ ಇರುವಾಗ ಮುಂದಿನದು ಅಷ್ಟು ಬಿಗಿ ಯಾಕೆ ಎಂದು ಕೇಳಬಹುದು. ಸ್ಪ್ರಿಂಗ್ ಚಕ್ರದ ಮೇಲೆ ನೇರವಾಗಿ ಕೂತಿಲ್ಲ, ಚಕ್ರವನ್ನು ಹಿಡಿದಿರುವ ತೋಳಿನ ನಡುವೆ ಕೂತಿದೆ. ಮುಂದೆ ಚಕ್ರ 10 ಮಿಮೀ ಏರಿದರೆ ಸ್ಪ್ರಿಂಗ್ ಒತ್ತುವುದು ಸುಮಾರು 7 ಮಿಮೀ. ಈ 0.7ರ ವರ್ಗ ಸುಮಾರು 0.5, ಆದ್ದರಿಂದ 6 ಕೆಜಿಯ ಸ್ಪ್ರಿಂಗ್ ಚಕ್ರದ ಹತ್ತಿರ 3 ಕೆಜಿಯಂತೆ ಕೆಲಸ ಮಾಡುತ್ತದೆ. ಹಿಂದೆ ಈ ಅನುಪಾತ ಸ್ವಲ್ಪ ಹೆಚ್ಚು, ಹಾಗಾಗಿ ಅಲ್ಲಿ ಮೆತ್ತನೆ ಸ್ಪ್ರಿಂಗ್ ಸಾಕು. ಈ ಜೋಡಿಯಲ್ಲಿ ಮುಂಭಾಗ ಮೇಲೆ ಕೆಳಗೆ ಕುಣಿಯುವ ಆವರ್ತನ ಸೆಕೆಂಡಿಗೆ 1.7 ಸಲದ ಹತ್ತಿರ ಬರುತ್ತದೆ. ಬೀದಿಯ ಸ್ಪೋರ್ಟ್ಸ್ ಕಾರಿಗೆ 1.6ರಿಂದ 2ರ ನಡುವೆ ಇದ್ದರೆ ಸೊಂಟಕ್ಕೂ ಟೈರಿಗೂ ಒಪ್ಪುತ್ತದೆ. ಇದೇ ಕಾರಿಗೆ 12 ಮತ್ತು 7 ಕೆಜಿಯ ಸ್ಪ್ರಿಂಗ್ ಹಾಕುವವರೂ ಇದ್ದಾರೆ. ಅದು ನುಣುಪಾದ ಟ್ರ್ಯಾಕಿಗೆ, ಅಂಟು ಹೆಚ್ಚಿರುವ ರೇಸ್ ಟೈರಿಗೆ. ಬರ್ಕ್‌ಷೈರಿನ ಹಳ್ಳಿ ದಾರಿಯಲ್ಲಿ ಅಂಥ ಕಾರು ಜಿಗಿಯುತ್ತದೆ, ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಯದು?

ಡ್ಯಾಂಪರ್ ಆರಿಸುವಾಗ ಮೈ ಗಿಡ್ಡ ಇರುವುದನ್ನು ಕೇಳಿ ಪಡೆಯಿರಿ, ಚಕ್ರಕ್ಕೆ ಮೇಲೇರುವ ಜಾಗ ಸಿಗುವುದು ಅದರಿಂದ. ನಿಮ್ಮದು ಎರಡನೇ ತಲೆಮಾರಿನದಾದ್ದರಿಂದ ಮೇಲಿನ ಮೌಂಟ್ (ಡ್ಯಾಂಪರನ್ನು ಕಾರಿನ ಮೈಗೆ ಸೇರಿಸುವ ಭಾಗ) ಚೆನ್ನಾಗಿಯೇ ಇದೆ. 1989ರಿಂದ 1997ರವರೆಗಿನ ಮೊದಲ ತಲೆಮಾರಿನ ಕಾರಿನವರು ಎರಡನೇ ತಲೆಮಾರಿನ ಮೇಲಿನ ಮೌಂಟ್ ಹಾಕಿಸಿಕೊಂಡರೆ ಇದೇ ಲಾಭ ಕಡಿಮೆ ಖರ್ಚಿನಲ್ಲಿ ದೊರೆಯುತ್ತದೆ. ಬಂಪ್ ಸ್ಟಾಪ್ ಸೂಕ್ಷ್ಮ ರಂಧ್ರಗಳ ಪಾಲಿಯುರಿಥೇನಿನದಾಗಿರಲಿ. ಅದು ನಿಧಾನವಾಗಿ ಬಿಗಿಯಾಗುತ್ತದೆ, ಗಟ್ಟಿ ರಬ್ಬರಿನಂತೆ ಒಮ್ಮೆಲೇ ತಡೆಯುವುದಿಲ್ಲ. ಸ್ಟಾಪನ್ನು ಪೂರ್ತಿ ತೆಗೆದುಹಾಕುವುದು ಮಾತ್ರ ಬೇಡ, ಡ್ಯಾಂಪರಿನ ಒಳಗಿನ ಕವಾಟವೇ ಬಡಿದು ಒಡೆಯುತ್ತದೆ.

ಅಲೈನ್‌ಮೆಂಟ್ ವಿಷಯದಲ್ಲಿ ಈ ಕಾರು ಉದಾರಿ. ನಾಲ್ಕೂ ಮೂಲೆಗಳಲ್ಲಿ ಕೆಳತೋಳಿನ ಕ್ಯಾಮ್ ಬೋಲ್ಟಿನಿಂದಲೇ ಕ್ಯಾಂಬರ್ (ಚಕ್ರದ ನೆತ್ತಿ ಒಳಗೋ ಹೊರಗೋ ವಾಲಿರುವ ಕೋನ, ಮೈನಸ್ ಎಂದರೆ ಒಳವಾಲು), ಟೋ (ಮೇಲಿಂದ ನೋಡಿದರೆ ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರುವುದು) ಹೊಂದಿಸಬಹುದು, ಮುಂದೆ ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕೂಡ. ಮುಂದೆ ಮೈನಸ್ 1.8 ಡಿಗ್ರಿ ಕ್ಯಾಂಬರ್, ಸೊನ್ನೆ ಟೋ, ಕ್ಯಾಸ್ಟರ್ 5ರ ಆಸುಪಾಸು. ಹಿಂದೆ ಮೈನಸ್ 1.6 ಡಿಗ್ರಿ, ಎರಡೂ ಚಕ್ರ ಸೇರಿ 2ರಿಂದ 3 ಮಿಮೀ ಟೋ ಇನ್. ಹಿಂದಿನ ಟೋ ತಪ್ಪಿಯೂ ಹೊರಮುಖ ಆಗಿರಬಾರದು, ಆಗಿದ್ದರೆ ಎಷ್ಟು ದುಬಾರಿ ಡ್ಯಾಂಪರ್ ಹಾಕಿದರೂ ಹಿಂಭಾಗ ಅಲೆಯುತ್ತಲೇ ಇರುತ್ತದೆ. ಅಂಗಡಿಗೆ ಹೋಗುವ ಮೊದಲು ಒಂದು ಎಚ್ಚರಿಕೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶದಲ್ಲಿ ಈ ಬೋಲ್ಟುಗಳು ಬುಶ್‌ನ (ತೋಳಿನ ಕೀಲಿನಲ್ಲಿರುವ ರಬ್ಬರ್ ಉಂಗುರದ) ಒಳಗಿನ ಲೋಹದ ಕೊಳವೆಗೆ ತುಕ್ಕು ಹಿಡಿದು ಒಂದಾಗಿರುತ್ತವೆ. ಬಲ ಹಾಕಿದರೆ ತಲೆ ಮುರಿಯುತ್ತದೆ. ವಾರ ಮೊದಲೇ ತುಕ್ಕುಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಅದರಲ್ಲೂ ಬರದಿದ್ದರೆ ಗರಗಸದಿಂದ ಕತ್ತರಿಸಿ ಹೊಸ ಬೋಲ್ಟ್, ಹೊಸ ಬುಶ್ ಹಾಕುವುದೇ ದಾರಿ. ಎರಡನ್ನೂ ಮೊದಲೇ ತರಿಸಿ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಬಾರ್. ಹಿಂಚಕ್ರ ಎಳೆಯುವ ಹಗುರ ಕಾರಿನಲ್ಲಿ ನಮ್ಮ ಸಲಹೆ, ಬಾರ್ ದಪ್ಪ ಮಾಡುವುದಾದರೆ ಮುಂದಿನದನ್ನು ಮಾಡಿ, ಹಿಂದಿನದನ್ನು ಕಂಪನಿಯದೇ ಬಿಡಿ. ಹಿಂದೆ ದಪ್ಪ ಬಾರ್ ಇದ್ದರೆ ತಿರುವಿನಿಂದ ಹೊರಬರುವಾಗ ಒಳಗಿನ ಹಿಂಚಕ್ರ ಹಗುರಾಗುತ್ತದೆ. ಮಾಮೂಲಿ ಡಿಫರೆನ್ಷಿಯಲ್ ಇದ್ದರೆ ಎಂಜಿನ್ನಿನ ಶಕ್ತಿಯೆಲ್ಲ ಆ ಹಗುರ ಚಕ್ರವನ್ನು ಸುತ್ತಿಸುವುದರಲ್ಲೇ ಹೋಗುತ್ತದೆ.

ಪ್ರಶ್ನೆ: ಟೊಯೊಟಾ ಜಿಆರ್86 ತೆಗೆದುಕೊಂಡೆ. ಸ್ನೇಹಿತರ ಸುಬಾರು ಬಿಆರ್‌ಜೆಡ್ ಅದೇ ಕಾರು ಎನ್ನುತ್ತಾರೆ, ಆದರೆ ನನ್ನದು ಹಿಂಭಾಗ ಬೇಗ ಬಿಡುತ್ತದೆ, ಅವರದು ಮೂತಿ ತಳ್ಳುತ್ತದೆ. ನಡುವಿನ ಹದಕ್ಕೆ ತರಲು ಏನು ಕೊಳ್ಳಬೇಕು?
(ಓದುಗರು, ಆಸ್ಟಿನ್, ಅಮೆರಿಕ)

ಉತ್ತರ: ನಿಮ್ಮಿಬ್ಬರ ಕಾರುಗಳನ್ನು ಪಕ್ಕಪಕ್ಕ ಇಟ್ಟರೆ ಈ ಪುಟದ ಅರ್ಧ ಪಾಠ ಅಲ್ಲೇ ಇದೆ. ದೇಹ, ಎಂಜಿನ್, ತೋಳುಗಳ ವಿನ್ಯಾಸ ಒಂದೇ. ಎರಡನೇ ತಲೆಮಾರಿನ ಬಿಆರ್‌ಜೆಡ್‌ನ ಮುಂದಿನ ಸ್ಪ್ರಿಂಗ್ ಪ್ರತಿ ಮಿಮೀಗೆ 30 ನ್ಯೂಟನ್, ಹಿಂದಿನದು 35. ಜಿಆರ್86ರಲ್ಲಿ ಮುಂದೆ 28, ಹಿಂದೆ 39. ಹಿಂದಿನ ಬಾರ್ ಬಿಆರ್‌ಜೆಡ್‌ನಲ್ಲಿ 14 ಮಿಮೀ, ನಿಮ್ಮದರಲ್ಲಿ 15. ಆ ಒಂದು ಮಿಮೀ ಅಂದರೆ ಮೂರನೇ ಒಂದು ಪಾಲಿನಷ್ಟು ಹೆಚ್ಚು ಬಿಗಿತ. ಇಷ್ಟು ಸಣ್ಣ ಅಂತರಗಳಿಂದ ಎರಡು ಕಂಪನಿಗಳು ಒಂದೇ ಕಾರಿಗೆ ಎರಡು ಸ್ವಭಾವ ಕೊಟ್ಟಿವೆ. ಆದ್ದರಿಂದ ಎರಡು ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ಹದ ದಾಟಿ ಆಚೆ ಬೀಳುವುದು ಖಂಡಿತ.

ನೀವು ಮೊದಲು ಮಾಡಬೇಕಾದದ್ದು ಅಲೈನ್‌ಮೆಂಟ್. ಕಾರ್ಖಾನೆಯಿಂದ ಮುಂದಿನ ಕ್ಯಾಂಬರ್ ಸೊನ್ನೆಯ ಆಸುಪಾಸು ಬರುತ್ತದೆ, ಹಿಂದೆ ಒಂದು ಡಿಗ್ರಿಗಿಂತ ಹೆಚ್ಚು. ಮುಂದಿನದು ಮ್ಯಾಕ್‌ಫರ್ಸನ್ ಸ್ಟ್ರಟ್ (ಮೇಲ್ತೋಳಿಲ್ಲದೆ, ಸ್ಪ್ರಿಂಗ್ ಡ್ಯಾಂಪರ್ ಸೇರಿದ ಕಂಬವೇ ಚಕ್ರವನ್ನು ಹಿಡಿಯುವ ಜೋಡಣೆ) ಆದ್ದರಿಂದ ಕಾರು ವಾಲಿದಂತೆ ಹೊರಟೈರು ಅಂಚಿನ ಮೇಲೆ ನಿಲ್ಲುತ್ತದೆ. ಸ್ಟ್ರಟ್ ಮತ್ತು ನಕಲ್ (ಚಕ್ರದ ಬೇರಿಂಗ್ ಹಿಡಿಯುವ ಭಾಗ) ಸೇರುವಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿಸಿ ಮುಂದೆ ಮೈನಸ್ 1.5ರವರೆಗೆ ತನ್ನಿ, ಹಿಂದೆ ಮೈನಸ್ 1.5 ಇರಲಿ, ಟೋ ಮುಂದೆ ಸೊನ್ನೆ, ಹಿಂದೆ ಒಟ್ಟು 2ರಿಂದ 3 ಮಿಮೀ ಒಳಮುಖ. ಕ್ಯಾಂಬರ್ ಬದಲಿಸಿದರೆ ಟೋ ಕೂಡ ಬದಲಾಗುತ್ತದೆ, ಎರಡನೆಯದನ್ನು ಕೊನೆಗೆ ಹೊಂದಿಸಿ. ಈ ಬೋಲ್ಟ್ ಕಂಪನಿಯದಕ್ಕಿಂತ ತೆಳು, ಜಾರುವ ಸ್ವಭಾವ ಇದೆ. ಬಿಗಿಮಾಡಿದ ಮೇಲೆ ಬಣ್ಣದಿಂದ ಗೆರೆ ಎಳೆದಿಡಿ, ಮೊದಲ ಟ್ರ್ಯಾಕ್ ದಿನದ ನಂತರ ಗೆರೆ ಕೂಡಿದೆಯೇ ನೋಡಿ.

ಇದರಿಂದ ಮುಂದಿನ ಹಿಡಿತ ಹೆಚ್ಚುವುದರಿಂದ ಹಿಂಭಾಗ ಇನ್ನೂ ಚುರುಕು ಎನಿಸಬಹುದು. ಆಗ ಸ್ವಲ್ಪ ದಪ್ಪದ ಮುಂದಿನ ಬಾರ್ ಹಾಕಿಸಿ. ಹೊಂದಿಸಬಲ್ಲದ್ದಾದರೆ ಮೆತ್ತನೆಯ ತೂತಿನಿಂದ ಶುರುಮಾಡಿ. ಮುಂದಿನ ಬಾರ್ ದಪ್ಪ ಮಾಡಿದರೆ ಮೂತಿ ತಳ್ಳುತ್ತದೆ ಎಂಬ ಪಾಠ ಇಲ್ಲಿ ಪೂರ್ತಿ ನಿಜವಲ್ಲ. ಸ್ಟ್ರಟ್ ಇರುವ ಕಾರಿನಲ್ಲಿ ವಾಲುವಿಕೆ ಕಡಿಮೆಯಾದಾಗ ಹೊರಟೈರು ನೆಲಕ್ಕೆ ನೇರವಾಗಿ ಕೂರುತ್ತದೆ, ಆ ಲಾಭ ನಷ್ಟವನ್ನು ಬಹುಪಾಲು ತುಂಬಿಕೊಡುತ್ತದೆ. ಸ್ನೇಹಿತರ ಕಾರಿನ ಹಿಂದಿನ ಬಾರ್ ತಂದು ಹಾಕುವ ಯೋಚನೆ ಬೇಡ, ಎರಡರಲ್ಲೂ ಅದು ಕೂರುವ ಜಾಗವೇ ಬೇರೆ.

ಪ್ರಶ್ನೆ: ಇದೇ ಥರದ ಹಿಂಚಕ್ರ ಎಳೆತದ ಕಾರಿಗೆ ಹಿಂದೆ ಅಗಲ ಟೈರ್ ಹಾಕಿಸಿದರೆ ಹ್ಯಾಂಡ್ಲಿಂಗ್ ಸುಧಾರಿಸುವುದಿಲ್ಲವೇ? ನೋಡಲೂ ಚೆನ್ನ.
(ಓದುಗರು, ಸಿಡ್ನಿ)

ಉತ್ತರ: ಭಾರ ಮುಂದೆ ಹಿಂದೆ ಸಮವಾಗಿ ಹಂಚಿರುವ ಕಾರಿನಲ್ಲಿ ಹಿಂದೆ ಮಾತ್ರ ಅಗಲ ಮಾಡಿದರೆ ಮೂತಿ ತಳ್ಳುವುದು ಖಚಿತ. ಎಂಜಿನ್ ಹಿಂದೆ ಇರುವ ಪೋರ್ಷೆ 911ಕ್ಕೆ ಅಗಲ ಹಿಂಟೈರ್ ಬೇಕೇ ಬೇಕು, ಅಲ್ಲಿ ಭಾರದ ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲಿದೆ. ನಿಮ್ಮ ಕಾರಿಗೆ ನಾಲ್ಕೂ ಒಂದೇ ಅಳತೆ, ಒಂದೇ ಮಾದರಿ, ಒಂದೇ ವಯಸ್ಸು. ಮುಂದೆ ಹೊಸದು, ಹಿಂದೆ ಐದಾರು ವರ್ಷದ ಗಟ್ಟಿಯಾದ ಟೈರ್ ಇಟ್ಟುಕೊಂಡು ಸ್ಪ್ರಿಂಗಿನ ಬಗ್ಗೆ ಚರ್ಚಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ನನ್ನದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಸ್ಪೋರ್ಟ್ಸ್ ಕಾರು ಅಲ್ಲ ಅಂತ ಗೊತ್ತು, ಆದರೂ ವರ್ಷಕ್ಕೆ ಎರಡು ಮೂರು ಸಲ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ ಹೋಗುತ್ತೇನೆ. ಉದ್ದ ತಿರುವುಗಳಲ್ಲಿ ಮೂತಿ ಹೊರಗೆ ಹೋಗುತ್ತದೆ, ಮುಂದಿನ ಟೈರಿನ ಹೊರ ಅಂಚು ತಿಂದುಹೋಗಿದೆ. ಮೆಕ್ಯಾನಿಕ್ ಸ್ಪ್ರಿಂಗ್ ಒಂದು ಸುತ್ತು ಕತ್ತರಿಸೋಣ ಅಂತಾನೆ.
(ಓದುಗರು, ರಾಜಾಜಿನಗರ, ಬೆಂಗಳೂರು)

ಉತ್ತರ: ಸ್ಪ್ರಿಂಗ್ ಕತ್ತರಿಸಲು ಬಿಡಬೇಡಿ. ಕತ್ತರಿಸಿದ ತುದಿ ಅದರ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗೆ ಜೋತಾಗ ಸಡಿಲವಾಗಿ ಜಾಗ ತಪ್ಪಬಹುದು. ಕಂಪನಿ ಡ್ಯಾಂಪರಿಗೆ ಆ ಬಿಗಿತ ತಡೆಯುವ ಶಕ್ತಿಯೂ ಇರುವುದಿಲ್ಲ.

ನಿಮ್ಮ ಟೈರೇ ಉತ್ತರ ಹೇಳುತ್ತಿದೆ. ಹೊರ ಅಂಚು ತಿಂದಿದೆ ಎಂದರೆ ಕ್ಯಾಂಬರ್ ಸಾಲದು, ಬಹುಶಃ ಗಾಳಿಯೂ ಕಡಿಮೆ. ಟ್ರ್ಯಾಕಿಗೆ ಇಳಿಯುವ ಮುನ್ನ ಟೈರಿನ ಭುಜದ (ನೆಲ ತಾಗುವ ಮೈ ಪಕ್ಕಕ್ಕೆ ಬಾಗುವ ಅಂಚಿನ) ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ನಾಲ್ಕು ಸುತ್ತಿನ ನಂತರ ಭುಜದ ಕೆಳಗಿನವರೆಗೂ ಅಳಿಸಿದ್ದರೆ 2 ಪಿಎಸ್‌ಐ ಏರಿಸಿ, ಭುಜದವರೆಗೂ ಅಳಿಸದಿದ್ದರೆ 2 ಇಳಿಸಿ. ಬಿಸಿ ಟೈರಿನಲ್ಲಿ ಅಳೆದ ಗಾಳಿಯನ್ನೇ ಬರೆದಿಟ್ಟುಕೊಳ್ಳಿ. ಊರಿಗೆ ಹೊರಡುವ ಮೊದಲು ಟೈರ್ ಆರಿದ ಮೇಲೆ ಬೀದಿಯ ಅಳತೆಗೆ ಮರಳಿ ತುಂಬಿಸಿ, ಇದನ್ನು ಮರೆತು ಹೆದ್ದಾರಿಗೆ ಇಳಿಯುವುದು ಅಪಾಯ.

ಕ್ಯಾಂಬರ್‌ಗೆ ಈ ಕಾರಿನಲ್ಲಿ ಜಿಆರ್86ರ ಬೋಲ್ಟ್ ಉಪಾಯ ನಡೆಯುವುದಿಲ್ಲ. ಸ್ಟ್ರಟ್ಟಿನ ಕೊಳವೆ ನಕಲ್ ಒಳಗೆ ತೂರಿ ಒಂದೇ ಬೋಲ್ಟಿನಿಂದ ಬಿಗಿಯಾಗಿದೆ. ಮೇಲ್ಗಡೆ ಹೊಂದಿಸಬಲ್ಲ ಕ್ಯಾಂಬರ್ ಪ್ಲೇಟ್ ಹಾಕಿಸಬೇಕು. ಮೈನಸ್ 1.5ರಿಂದ 2 ಡಿಗ್ರಿ ಸಿಕ್ಕರೆ ನಿಮ್ಮ ಬಳಕೆಗೆ ಧಾರಾಳ. ಪ್ಲೇಟಿನಲ್ಲಿ ರಬ್ಬರ್ ಇರುವುದಿಲ್ಲವಾದ್ದರಿಂದ ಸದ್ದು ಹೆಚ್ಚುತ್ತದೆ, ನಮ್ಮ ಧೂಳು ಮಳೆಗೆ ಅದರ ಬೇರಿಂಗ್ ಬೇಗ ಸವೆಯುತ್ತದೆ.

ಹಿಂದಿನದು ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರಗಳನ್ನು ಸೇರಿಸುವ, ತಿರುಚಿಕೊಳ್ಳಬಲ್ಲ ತೊಲೆ. ಮುಂಚಕ್ರ ಎಳೆಯುವ ಕಾರಿನಲ್ಲಿ ದಪ್ಪ ಮಾಡಬೇಕಾದ ಬಾರ್ ಹಿಂದಿನದು, ಎಂಎಕ್ಸ್-5ಗೆ ಹೇಳಿದ್ದಕ್ಕೆ ತೀರ ಉಲ್ಟಾ. ಬೀಮಿಗೆ ಬೋಲ್ಟ್ ಹಾಕಿ ಕೂರಿಸುವ ಹೆಚ್ಚುವರಿ ಬಾರ್ ಸಿಗುತ್ತದೆ. ಅದರಿಂದ ಒಳಗಿನ ಹಿಂಚಕ್ರ ತಿರುವಿನಲ್ಲಿ ನೆಲ ಬಿಡುತ್ತದೆ, ಎಳೆಯುವ ಮುಂಚಕ್ರ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಆದರೆ ಮಳೆಗಾಲದಲ್ಲಿ ಚಾರ್ಮಾಡಿಯಂಥ ಘಾಟಿ ಇಳಿಯುವಾಗ ತಿರುವಿನ ನಡುವೆ ಆಕ್ಸಿಲರೇಟರ್ ಥಟ್ಟನೆ ಬಿಟ್ಟರೆ ಇದೇ ಬಾರ್ ಹಿಂಭಾಗವನ್ನು ಸುತ್ತಿಸಬಲ್ಲದು. ಮನೆಮಂದಿ ಓಡಿಸುವ ಕಾರಾದರೆ ಬಾರ್ ಬಿಟ್ಟು ಟೈರು, ಕ್ಯಾಂಬರ್, ಒಳ್ಳೆಯ ಡ್ಯಾಂಪರ್ ಇಷ್ಟಕ್ಕೇ ನಿಲ್ಲಿಸಿ. ತಗ್ಗಿಸುವುದು 20 ಮಿಮೀ ದಾಟದಿರಲಿ. ರಾಜಾಜಿನಗರದ ರೋಡ್ ಹಂಪಿಗೆ ಮಾತ್ರವಲ್ಲ, ಸ್ಟ್ರಟ್ ಕಾರಿನಲ್ಲಿ ಕೆಳತೋಳು ಅಡ್ಡಗೆರೆ ದಾಟಿ ಮೇಲ್ಮುಖವಾದರೆ ಕ್ಯಾಂಬರ್ ಹೆಚ್ಚುವ ಬದಲು ಕಡಿಮೆಯಾಗತೊಡಗುತ್ತದೆ. ಬದಲಾವಣೆಗಳನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ.

ಇನ್ನೊಂದು ಮಾತು. ಮೂತಿ ತಳ್ಳುವುದು ತಿರುವಿಗೆ ಇಳಿಯುವಾಗಲೇ ಆದರೆ ಬ್ರೇಕನ್ನು ಒಮ್ಮೆಲೇ ಬಿಡುತ್ತಿದ್ದೀರಾ ಗಮನಿಸಿ. ಸ್ಟಿಯರಿಂಗ್ ತಿರುಗಿಸುತ್ತಾ ಬ್ರೇಕನ್ನು ನಿಧಾನವಾಗಿ ಬಿಟ್ಟರೆ ಭಾರ ಮುಂಚಕ್ರದ ಮೇಲೆ ಉಳಿಯುತ್ತದೆ.

ಪ್ರಶ್ನೆ: ಕಾಯಿಲೋವರ್ (ಎತ್ತರ ಹೊಂದಿಸಬಲ್ಲ ಸ್ಪ್ರಿಂಗ್ ಡ್ಯಾಂಪರ್ ಜೋಡಣೆ) ಹಾಕಿಸಿದ ಮೇಲೆ ನನ್ನ ಕಾರು ಎಡತಿರುವಿನಲ್ಲಿ ಚೆನ್ನಾಗಿದೆ, ಬಲತಿರುವಿನಲ್ಲಿ ಮೂತಿ ತಳ್ಳುತ್ತದೆ. ಅಲೈನ್‌ಮೆಂಟ್ ಎರಡೂ ಕಡೆ ಒಂದೇ ಇದೆ. ಯಾಕೆ ಹೀಗೆ?
(ಓದುಗರು, ಡಬ್ಲಿನ್)

ಉತ್ತರ: ನಾಲ್ಕು ಚಕ್ರದ ಮೇಲಿನ ತೂಕ ಅಳೆಸಿ. ಒಂದು ಕಾಲು ಗಿಡ್ಡವಾದ ಮಂಚದಂತೆ ನಿಮ್ಮ ಕಾರು ಓರೆ ಕೂತಿದೆ. ತೂಗುವಾಗ ಚಾಲಕರ ಆಸನದಲ್ಲಿ ನಿಮ್ಮಷ್ಟೇ ತೂಕ ಇರಬೇಕು, ಅರ್ಧ ಟ್ಯಾಂಕ್ ಪೆಟ್ರೋಲ್, ಸರಿಯಾದ ಗಾಳಿ, ಎರಡೂ ಆಂಟಿರೋಲ್ ಬಾರಿನ ಒಂದೊಂದು ಲಿಂಕ್ ಬಿಚ್ಚಿರಬೇಕು.

ಒಂದು ಲೆಕ್ಕ ಹಿಡಿಯೋಣ: ಎಡಮುಂದೆ 290, ಬಲಮುಂದೆ 265, ಎಡಹಿಂದೆ 260, ಬಲಹಿಂದೆ 285 ಕೆಜಿ. ಒಟ್ಟು 1,100. ಎಡಬಲ ಸಮ, ಮುಂದೆ ಹಿಂದೆಯೂ ಹತ್ತಿರಹತ್ತಿರ ಸಮ, ನೋಡಿದರೆ ತಪ್ಪೇ ಕಾಣದು. ಕರ್ಣವಾಗಿ ಕೂಡಿಸಿ. ಎಡಮುಂದೆ ಮತ್ತು ಬಲಹಿಂದೆ ಸೇರಿ 575, ಅಂದರೆ ಶೇ 52.3. ಬಲತಿರುವಿನಲ್ಲಿ ಹೊರಗಿನ ಮುಂಚಕ್ರ ಎಡದ್ದು, ಅದಕ್ಕೆ ಮೊದಲೇ ಹೊರೆ ಹೆಚ್ಚು. ನೀವು ಹೇಳಿದ ಲಕ್ಷಣ ಇದೇ. ಸರಿಪಡಿಸಲು ಬಲಮುಂದೆ ಮತ್ತು ಎಡಹಿಂದೆ ಸ್ಪ್ರಿಂಗ್ ಕೂರುವ ಬಳೆಯನ್ನು ಅರ್ಧ ಸುತ್ತು ಏರಿಸಿ, ಉಳಿದೆರಡನ್ನು ಅರ್ಧ ಸುತ್ತು ಇಳಿಸಿ. ನಾಲ್ಕನ್ನೂ ಹೀಗೆ ಬದಲಿಸಿದರೆ ಕಾರಿನ ಎತ್ತರ ಹಾಗೇ ಉಳಿಯುತ್ತದೆ. ಕಾರನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ ಮತ್ತೆ ತೂಗಿ. ಶೇ 50ರಿಂದ ಆಚೀಚೆ ಶೇ ಅರ್ಧದೊಳಗೆ, ಅಂದರೆ 49.5ರಿಂದ 50.5ರ ನಡುವೆ, ಬಂದರೆ ಸಾಕು.

ಕೊನೆಗೆ ಬಾರಿನ ಲಿಂಕನ್ನು ಜೋಡಿಸುವಾಗ ಕಾರು ನೆಲದ ಮೇಲೇ ಇರಲಿ, ಆಸನದಲ್ಲಿ ತೂಕವೂ ಇರಲಿ. ಬೋಲ್ಟ್ ಒತ್ತಾಯವಿಲ್ಲದೆ ತೂತಿಗೆ ಜಾರುವಷ್ಟು ಲಿಂಕಿನ ಉದ್ದ ಹೊಂದಿಸಿ. ಎಳೆದು ಕೂರಿಸಿದರೆ ಬಾರ್ ಮೊದಲೇ ತಿರುಚಿಕೊಂಡು, ಈಗಷ್ಟೇ ಸರಿಮಾಡಿದ ಕರ್ಣದ ತೂಕವನ್ನು ಮತ್ತೆ ಕೆಡಿಸುತ್ತದೆ. ತೂಕ ಸರಿಯಾದ ಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ.

ಪ್ರಶ್ನೆ: ನನ್ನ ಡ್ಯಾಂಪರಿನಲ್ಲಿ ಬಿಗಿತ ಹೊಂದಿಸಲು 30 ಕ್ಲಿಕ್ ಇವೆ. ಪೂರ್ತಿ ಬಿಗಿಮಾಡಿದರೆ ಹಿಡಿತ ಹೆಚ್ಚುತ್ತದೆಯೇ?
(ಓದುಗರು, ಸಿಂಗಪುರ)

ಉತ್ತರ: ಇಲ್ಲ. ಡ್ಯಾಂಪರ್ ಕೆಲಸ ಮಾಡುವುದು ದಂಡ ಚಲಿಸುವಾಗ ಮಾತ್ರ. ಉದ್ದ ತಿರುವಿನಲ್ಲಿ ಕಾರು ಒಂದೇ ವಾಲಿನಲ್ಲಿ ನಿಂತಿದ್ದರೆ ಅಲ್ಲಿಯ ಸಮತೋಲವನ್ನು ಕ್ಲಿಕ್ ಬದಲಿಸಲಾರದು. ಬದಲಾಗುವುದು ತಿರುವಿಗೆ ಇಳಿಯುವ, ಹೊರಬರುವ ಕ್ಷಣಗಳು. ಮರಳುವ ದಿಕ್ಕಿನ ತಡೆ ಅತಿಯಾದರೆ ಉಬ್ಬುಗಳ ಸಾಲಿನಲ್ಲಿ ಚಕ್ರ ಕೆಳಗೆ ಬರುವ ಮೊದಲೇ ಮುಂದಿನ ಉಬ್ಬು ಬಂದು, ಕಾರು ಹಂತಹಂತವಾಗಿ ಕುಸಿದು ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ನಾಬ್ ಅನ್ನು ಮೆಲ್ಲಗೆ ಪೂರ್ತಿ ಬಿಗಿಯ ಕಡೆಗೆ ತಿರುಗಿಸಿ, ಅಲ್ಲಿಂದ ಎಣಿಸುತ್ತಾ ಹಿಂದಕ್ಕೆ ಬನ್ನಿ. ತಯಾರಕರು ಹೇಳಿದ ಸಂಖ್ಯೆಯಿಂದ ಶುರುಮಾಡಿ, ಪ್ರತಿ ಸಲ ಒಂದೇ ಜೋಡಿಯಲ್ಲಿ ಎರಡೇ ಕ್ಲಿಕ್ ಬದಲಿಸಿ, ಅದೇ ದಾರಿಯಲ್ಲಿ ಓಡಿಸಿ ನೋಡಿ. ಕಾರು ಉಬ್ಬಿನ ಮೇಲೆ ತೇಲುವುದು ನಿಂತ ಕೂಡಲೇ ಬಿಗಿಮಾಡುವುದನ್ನು ನಿಲ್ಲಿಸಿ. ಅಗ್ಗದ ಡ್ಯಾಂಪರುಗಳಲ್ಲಿ ಒಂದೇ ನಾಬ್ ಎರಡೂ ದಿಕ್ಕಿನ ತಡೆಯನ್ನು ಒಟ್ಟಿಗೆ ಬದಲಿಸುತ್ತದೆ, ಅಂಥದ್ದರಲ್ಲಿ ಮೆತ್ತನೆಯ ಕಡೆಗೇ ಇರುವುದು ಲೇಸು.

ಪ್ರಶ್ನೆ: ಹಳೆಯ ಬುಶ್ ಬದಲಿಸಬೇಕು. ರಬ್ಬರೋ ಪಾಲಿಯುರಿಥೇನೋ?
(ಓದುಗರು, ಮಂಗಳೂರು)

ಉತ್ತರ: ದಿನಬಳಕೆಯ ಕಾರಿಗೆ ಕಂಪನಿಯ ಹೊಸ ರಬ್ಬರ್ ಬುಶ್. ಪಾಲಿಯುರಿಥೇನ್ ಹಾಕಿದರೆ ಚಕ್ರದ ಕೋನಗಳು ಹೆಚ್ಚು ಸ್ಥಿರ ನಿಲ್ಲುತ್ತವೆ, ಆದರೆ ಸರಿಯಾದ ಗ್ರೀಸ್ ಬಳಿಯದಿದ್ದರೆ ಕಿರುಗುಟ್ಟುತ್ತದೆ, ಮಂಗಳೂರಿನ ಮಳೆಯಲ್ಲಿ ಗ್ರೀಸ್ ತೊಳೆದುಹೋಗುತ್ತದೆ. ಯಾವುದೇ ಹಾಕಿದರೂ ಡ್ಯಾಂಪರ್ ಬದಲಿಸುವ ಮೊದಲೇ ಈ ಕೆಲಸ ಮುಗಿಸಿ, ಸವೆದ ಬುಶ್ ಇರುವಲ್ಲಿ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ರಬ್ಬರ್ ಬುಶ್‌ನ ಬೋಲ್ಟನ್ನು ಕಾರು ಲಿಫ್ಟ್ ಮೇಲೆ ಚಕ್ರ ಜೋತಾಡುವಾಗ ಪೂರ್ತಿ ಬಿಗಿಮಾಡಬಾರದು. ಬುಶ್ ಒಳಗಿನ ಲೋಹದ ಕೊಳವೆಗೆ ರಬ್ಬರ್ ಅಂಟಿಕೊಂಡೇ ಇರುತ್ತದೆ. ಜೋತ ಸ್ಥಿತಿಯಲ್ಲಿ ಬಿಗಿಮಾಡಿ ಕಾರನ್ನು ನೆಲಕ್ಕಿಳಿಸಿದರೆ ರಬ್ಬರ್ ದಿನವಿಡೀ ತಿರುಚಿಕೊಂಡೇ ಇರುತ್ತದೆ, ಕಾರು ಒಂದಿಷ್ಟು ಎತ್ತರ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಬುಶ್ ಹರಿಯುತ್ತದೆ. ಬೋಲ್ಟನ್ನು ಕೈಬಿಗಿ ಮಾಡಿ, ಕಾರನ್ನು ನೆಲಕ್ಕಿಳಿಸಿ ಅಥವಾ ಚಕ್ರದ ಅಡಿ ಜ್ಯಾಕ್ ಕೊಟ್ಟು ಓಡುವ ಎತ್ತರಕ್ಕೆ ತಂದು, ನಾಲ್ಕೈದು ಸಲ ಅದುಮಿ ಬಿಟ್ಟು, ಆಮೇಲೆ ಸರ್ವಿಸ್ ಪುಸ್ತಕದ ಟಾರ್ಕ್‌ಗೆ ಬಿಗಿಮಾಡಲು ಹೇಳಿ. ಗ್ಯಾರೇಜಿನಲ್ಲಿ ನಿಂತು ನೋಡಿ ಮಾಡಿಸಿಕೊಳ್ಳಬೇಕಾದ ಕೆಲಸ ಇದು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ ಹಂತ.